ಮನೆ ಕ್ಲಾಸು

ನಮ್ಮ ಮನೆಯಲ್ಲಿ ಮಿಕ್ಸಿ ಹಾಕುವ ಹಕ್ಕು ಮಗನದು. ಬೆಳಗ್ಗೆ ಚಟ್ನಿಗೆ ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ ಹಾಕಿ ಜಾರ್ ಕೂರಿಸಿ ನಾನು ಕೂಗುತ್ತೇನೆ. ಅವನು ಬಂದು, ಕಿವಿಗೆ ಇಯರ್ ಮಫ್ ಏರಿಸಿಕೊಂಡು, ಗುಂಡಿ ತಿರುಗಿಸುತ್ತಾನೆ. ಸಾಕು ಅನ್ನಿಸಿದಾಗ ಅವನೇ ನಿಲ್ಲಿಸುತ್ತಾನೆ. ಕೆಲವು ದಿನ ಚಟ್ನಿ ತರಿತರಿಯಾಗಿರುತ್ತದೆ. ತಿನ್ನುತ್ತೇವೆ.

ಪುಟ್ಟನಿಗೆ ಆಟಿಸಂ ಇದೆ. ಮಿಕ್ಸಿ, ಕುಕ್ಕರ್, ಪಕ್ಕದ ಮನೆಯ ಡ್ರಿಲ್ಲಿಂಗ್, ಯಾವುದು ಯಾವಾಗ ಕಿರುಚುತ್ತದೋ ಗೊತ್ತಿಲ್ಲದಿದ್ದರೆ ಅವನಿಗೆ ಆ ಸದ್ದು ತಡೆಯೋಕೆ ಆಗಲ್ಲ. ಶುರು ಮಾಡೋದು, ನಿಲ್ಲಿಸೋದು ಅವನ ಕೈಲಿದ್ದರೆ ಅದೇ ಸದ್ದನ್ನು ಸಹಿಸಿಕೊಳ್ಳುತ್ತಾನೆ. ಇದನ್ನು ಹೇಳಿಕೊಟ್ಟವರು ಓಟಿ (ಆಕ್ಯುಪೇಷನಲ್ ಥೆರಪಿ, ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವ ಚಿಕಿತ್ಸೆ) ಮಾಡಿಸುವ ಮೇಡಂ. ಮೊದಲು ಅವನು ಮಲಗಿದ್ದಾಗ ಕದ್ದುಮುಚ್ಚಿ ರುಬ್ಬುತ್ತಿದ್ದೆವು. ಈಗ ರುಬ್ಬೋದೇ ದಿನದ ಮೊದಲ ಪೀರಿಯಡ್ಡು.

ಅವನು ಮೂರನೇ ಕ್ಲಾಸಿನ ತನಕ ಶಾಲೆಗೆ ಹೋಗಿದ್ದಾನೆ. ಖಾಸಗಿ ಶಾಲೆ, ಹೆಸರು ಬೇಡ. ಅಲ್ಲಿಯ ಟೀಚರ್ ಒಳ್ಳೆಯವರೇ. ಆದರೆ ತುಂಬಿ ತುಳುಕುವ ಕ್ಲಾಸಿಗೆ ಅವರೊಬ್ಬರೇ. ಪುಟ್ಟ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಕೂರುತ್ತಿದ್ದ. ದಸರಾ ರಜೆಗೆ ಮುಂಚೆ ನಮ್ಮನ್ನು ಕರೆಸಿದರು. 'ಇವನಿಗೆ ಇಲ್ಲಿ ನ್ಯಾಯ ಒದಗಿಸೋಕೆ ನಮ್ಮಿಂದ ಆಗ್ತಿಲ್ಲ, ಬೇರೆ ವ್ಯವಸ್ಥೆ ನೋಡ್ಕೊಳ್ಳಿ' ಅಂದರು. ಇಂಥ ಮಕ್ಕಳ ಅಪ್ಪ ಅಮ್ಮಂದಿರು ಯಾವ ಊರಲ್ಲಿದ್ದರೂ ಈ ಮಾತನ್ನು ಹೆಚ್ಚು ಕಡಿಮೆ ಹೀಗೇ ಕೇಳಿರುತ್ತಾರೆ. ಎಷ್ಟು ವಿನಯವಾಗಿ ಹೇಳ್ತಾರೆ ಅಂದರೆ ನಾವೇ ಥ್ಯಾಂಕ್ಸ್ ಹೇಳಿ ಎದ್ದು ಬರ್ತೀವಿ.

ಕಾನೂನು ನಮ್ಮ ಕಡೆಗೇ ಇದೆ. 1995ರ ಹಳೆ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇರುವ 21 ಸ್ಥಿತಿಗಳಲ್ಲಿ ಅದೂ ಒಂದು. ಶೇಕಡಾ 40 ಅಥವಾ ಹೆಚ್ಚು ವೈಕಲ್ಯ ಇರುವ ಮಗು 6ರಿಂದ 18 ವರ್ಷದ ತನಕ ಹತ್ತಿರದ ಶಾಲೆಯಲ್ಲೋ, ಬೇಕೆಂದ ವಿಶೇಷ ಶಾಲೆಯಲ್ಲೋ ಉಚಿತವಾಗಿ ಕಲಿಯಬಹುದು. ಅಂದರೆ ಹಟ ಹಿಡಿದು ಅಲ್ಲೇ ಮುಂದುವರಿಸಬಹುದಿತ್ತು. ಆದರೆ ಗೆದ್ದರೂ ಅವನು ಕೂರೋದು ಅದೇ ಬೆಂಚಿನ ಕೆಳಗೆ ತಾನೇ. ನಾನೂ ನಮ್ಮನೆಯವರೂ ಆ ರಜೆಯಿಡೀ ಇದೇ ಮಾತಾಡಿದೆವು. ಒಂದು ವಿಶೇಷ ಶಾಲೆ ನೋಡಿದೆವು, ಚೆನ್ನಾಗಿತ್ತು. ಆದರೆ ಊರೆಲ್ಲ ಸುತ್ತಿ ಮಕ್ಕಳನ್ನು ತುಂಬಿಕೊಂಡು ಹೋಗುವ ವ್ಯಾನಿನಲ್ಲಿ ಇವನು ಕೂರುವ ಹಾಗಿರಲಿಲ್ಲ. ಕೊನೆಗೆ ನಾನು ಆಡಿಟರ್ ಆಫೀಸಿನ ಕೆಲಸ ಬಿಟ್ಟೆ. ಹೋಮ್‌ಸ್ಕೂಲಿಂಗ್ ಅಂದ ಕೂಡಲೇ ಕೆಲವರಿಗೆ ತೋಟದ ಮನೆ, ಮರದ ಆಟಿಕೆ, ಮಣ್ಣಿನಲ್ಲಿ ಆಡುವ ಮಕ್ಕಳು ನೆನಪಾಗುತ್ತಾರೆ. ನಮ್ಮದು ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಪಾಠ ನಡೆಯೋದು ಊಟದ ಟೇಬಲ್ ಮೇಲೆ. ಸಾಂಬಾರಿನ ಪಾತ್ರೆ ಬಂದರೆ ಪುಸ್ತಕ ಎತ್ತಬೇಕು.

ಮೈಸೂರಲ್ಲಿ ಇರೋದು ನಮಗೊಂದು ದೊಡ್ಡ ಅನುಕೂಲ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ಸಾಕು. ನಾವು ಅರ್ಧ ಗಂಟೆಯಲ್ಲಿ ಹೋಗಿ ಬರುತ್ತೇವೆ. ಅಲ್ಲಿನ ಬೆಂಚುಗಳ ಮೇಲೆ ಉತ್ತರ ಕರ್ನಾಟಕದಿಂದ, ಕೇರಳದಿಂದ ಬಂದು ಇಲ್ಲೇ ರೂಮ್ ಮಾಡಿಕೊಂಡಿರುವ ತಾಯಂದಿರು ಕೂತಿರುತ್ತಾರೆ. ಗಂಡ ಊರಲ್ಲಿ, ಇನ್ನೊಂದು ಮಗು ಅಜ್ಜಿ ಹತ್ತಿರ. ಅವರ ಜೊತೆ ಕೂತು ಮಾತಾಡಿದ ಮೇಲೆ ನನ್ನ ಕಷ್ಟ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ.

ಸ್ಪೀಚ್ ಥೆರಪಿ ಮಾಡುವವರು ನನ್ನನ್ನು ಹೊರಗೆ ಕಾಯಿಸಲಿಲ್ಲ, ಒಳಗೇ ಕೂರಿಸಿಕೊಂಡರು. ಸ್ವಲ್ಪ ದಿನ ನೋಡಿ ಒಂದು ಮಾತು ಹೇಳಿದರು: 'ಅಮ್ಮಾ, ಇವನಿಗೆ ಮಾತಿದೆ. ಆದರೆ ತನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳಲ್ಲ. ಮೊದಲು ಕೇಳೋದು ಕಲಿಸೋಣ.' ನಿಜವೇ. ಟಿವಿ ಜಾಹೀರಾತು ಪೂರ್ತಿ ಒಪ್ಪಿಸುತ್ತಿದ್ದ. ಸಿಟಿ ಬಸ್ಸಿನ ನಂಬರುಗಳು ಬಾಯಿಪಾಠ. ಬಾಯಾರಿದರೆ ಮಾತ್ರ ಫಿಲ್ಟರ್ ಪಕ್ಕ ಹೋಗಿ ನಿಂತು ಅಳುತ್ತಿದ್ದ. ನಾವು 'ನೀರು ಬೇಕಾ?' ಅಂದರೆ ಅವನೂ 'ನೀರು ಬೇಕಾ?' ಅನ್ನುತ್ತಿದ್ದ. ನಾವು ಅಂದದ್ದನ್ನೇ ತಿರುಗಿ ಅನ್ನೋದು ಇಂಥ ಮಕ್ಕಳಲ್ಲಿ ಜಾಸ್ತಿ. ಅವನ ಮಟ್ಟಿಗೆ ನೀರು ತರಿಸುವ ಮಂತ್ರವೇ 'ನೀರು ಬೇಕಾ'. ಅದಕ್ಕೆ ಪ್ರಶ್ನೆ ಕೇಳೋದನ್ನೇ ನಿಲ್ಲಿಸಿ ಅಂದರು. ಅವನು ಹೇಳಬೇಕಾದ್ದನ್ನು ಅವನು ಹೇಳಬೇಕಾದ ಹಾಗೆಯೇ ನೀವು ಹೇಳಿ, 'ನೀರು ಬೇಕು' ಅಂತ. ಹೇಳಿ, ಕಾಯಿರಿ.

ಕಾಯೋದು ಇದೆಯಲ್ಲ, ಅದರಷ್ಟು ಕಷ್ಟದ ಪಾಠ ಇನ್ನೊಂದಿಲ್ಲ. ಕೋಡುಬಳೆಯನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ, ಕಣ್ಣಿಗೆ ಕಾಣುವ ಹಾಗೆ ಇಡಬೇಕು. ಅವನು ಡಬ್ಬ ತಂದು ಕೈಗೆ ಕೊಟ್ಟರೆ ಸುಮ್ನೆ ಹಿಡಿದುಕೊಂಡು ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಆಮೇಲೆ ಮೆಲ್ಲಗೆ 'ಮುಚ್ಚಳ...' ಅನ್ನಬೇಕು. ಉಳಿದದ್ದು ಅವನು ಹೇಳಬೇಕು. ನಾನು ಏಳು ಎಂಟು ಎಣಿಸುವಷ್ಟರಲ್ಲಿ ನಮ್ಮತ್ತೆ ಬಂದು ಡಬ್ಬ ಕಸಿದುಕೊಂಡು ತೆಗೆದುಕೊಡುತ್ತಿದ್ದರು. 'ಹಸಿದ ಮಗೂನ ಹಿಂಗೆ ಆಟ ಆಡಿಸ್ತಾರಾ?' ಅಂತ ನನಗೆ ಬೈಗುಳ ಬೇರೆ. ಅವರಿಗೆ ಥೆರಪಿ ವಿಷಯ ವಿವರಿಸಿ ಪ್ರಯೋಜನ ಆಗಲಿಲ್ಲ. ಒಂದು ದಿನ ಅವರೇ ಡಬ್ಬ ಹಿಡಿದು ಕೂತಿದ್ದಾಗ ಅವನು 'ಅಜ್ಜಿ, ಮುಚ್ಚಳ ತೆಗಿ' ಅಂದುಬಿಟ್ಟ. ಅಲ್ಲಿಂದ ಮುಂದೆ ಆ ಡಬ್ಬ ಅವರ ಸುಪರ್ದಿಗೆ ಹೋಯಿತು. ಬೇರೆ ಯಾರೂ ಮುಟ್ಟುವ ಹಾಗಿಲ್ಲ.

ಓದು, ಲೆಕ್ಕ ಎಲ್ಲ ಇದೆ. ಆದರೆ ನಮ್ಮ ಸಿಲಬಸ್ಸಿನ ಬೆನ್ನೆಲುಬು ಇವತ್ತಿಗೂ ಇದೇ: ತನಗೆ ಬೇಕಾದ್ದನ್ನು ಅವನು ಕೇಳಿ ಪಡೆಯಬೇಕು.

ದಿನ ಹೇಗಿರುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಗೋಡೆ ಮೇಲೆ ಒಂದು ರಟ್ಟು, ಅದರ ಮೇಲೆ ವೆಲ್ಕ್ರೋದಲ್ಲಿ ಅಂಟಿಸಿದ ಚಿತ್ರಗಳು. ಹಲ್ಲುಜ್ಜೋದು, ಮಿಕ್ಸಿ, ತಿಂಡಿ, ಓದು, ಉಯ್ಯಾಲೆ, ಲೆಕ್ಕ, ಊಟ. ಆದದ್ದನ್ನು ಅವನು ಕಿತ್ತು ಕೆಳಗಿನ ಚೀಲಕ್ಕೆ ಹಾಕುತ್ತಾನೆ. ಒಂದು ಚಿತ್ರ ಬರೀ ಪ್ರಶ್ನಾರ್ಥಕ ಚಿಹ್ನೆ. ಕರೆಂಟ್ ಹೋಗೋದು, ನೆಂಟರು ಬರೋದು, ಗ್ಯಾಸ್ ಖಾಲಿ ಆಗೋದು ಎಲ್ಲ ಅದರ ಲೆಕ್ಕಕ್ಕೆ. ಗೊತ್ತಿಲ್ಲದ್ದೂ ಒಂದು ಬರಬಹುದು ಅಂತ ಮೊದಲೇ ಗೊತ್ತಿದ್ದರೆ ಅವನಿಗೆ ಅರ್ಧ ಗಾಬರಿ ಕಡಿಮೆ. ಒಂದೊಂದು ಪಾಠ ಹತ್ತು ಹದಿನೈದು ನಿಮಿಷ, ಅಷ್ಟೇ. ಎಲ್ಲ ಕೂಡಿಸಿದರೂ ಮೇಜಿನ ಮುಂದೆ ಕೂರೋದು ದಿನಕ್ಕೆ ಎರಡು ಗಂಟೆ ದಾಟಲ್ಲ. ಉಳಿದದ್ದೆಲ್ಲ ಮನೆಕೆಲಸದಲ್ಲೇ ಆಗುತ್ತದೆ.

ಅವರೆಕಾಯಿ ಕಾಲ ಬಂದರೆ ನಮ್ಮ ಮನೆಯಲ್ಲಿ ಓಟಿಗೆ ಬೇರೆ ಸಾಮಾನೇ ಬೇಡ. ಪುಟ್ಟನಿಗೆ ಪೆನ್ಸಿಲ್ ಹಿಡಿಯೋಕೆ ಬೆರಳಲ್ಲಿ ಬಲ ಇರಲಿಲ್ಲ. ಮುಷ್ಟಿಯಲ್ಲಿ ಹಿಡಿದು ಗೀಚುತ್ತಿದ್ದ. ಹೆಬ್ಬೆರಳು ತೋರುಬೆರಳಿನ ಹಿಡಿತ ಗಟ್ಟಿಯಾಗಲಿ ಅಂತ ಜೇಡಿಯಂಥ ಮುದ್ದೆ ಚಿವುಟಿಸೋದು, ಬಟ್ಟೆ ಕ್ಲಿಪ್ ಸಿಗಿಸೋದು ಹೇಳಿಕೊಟ್ಟಿದ್ದರು. ಅವನು ಎರಡೇ ನಿಮಿಷಕ್ಕೆ ಎದ್ದು ಹೋಗುತ್ತಿದ್ದ. ಅತ್ತೆ ಒಂದು ಸಂಜೆ ನೆನೆಹಾಕಿದ ಅವರೆಕಾಳಿನ ಬೋಗುಣಿ ತಂದು ಮುಂದಿಟ್ಟರು. ಹಿತುಕಿದ ಬೇಳೆ ಮಾಡುವವರಿಗೆ ಗೊತ್ತು: ಕಾಳಿನ ಒಂದು ತುದಿ ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಸಿಪ್ಪೆ ಕೈಲಿ ಉಳಿದು ಬೇಳೆ ಪುಳಕ್ಕನೆ ಹಾರುತ್ತೆ. ಮೊದಲ ಬೇಳೆ ಹಾರಿ ಅತ್ತೆಯ ಕನ್ನಡಕಕ್ಕೆ ಬಡಿಯಿತು. ಅವನು ನಕ್ಕದ್ದು ಕೇಳಿ ಎದುರು ಮನೆಯವರು ಬಾಗಿಲಿಗೆ ಬಂದರು. ಆ ಚಳಿಗಾಲವಿಡೀ ಹಿತುಕಿದ ಬೇಳೆ ಸಾರು, ಹಿತುಕಿದ ಬೇಳೆ ಉಪ್ಪಿಟ್ಟು. ಸಂಕ್ರಾಂತಿ ಹೊತ್ತಿಗೆ ಪೆನ್ಸಿಲ್ ಮುಷ್ಟಿಯಿಂದ ಬೆರಳಿಗೆ ಬಂದಿತ್ತು.

ಇನ್ನೊಂದು ಉಪಾಯ ಎಲ್ಲ ತಾಯಂದಿರಿಗೂ ಹೇಳಬೇಕು ಅನ್ನಿಸುತ್ತೆ. ಯಾವುದೇ ಕೆಲಸವನ್ನು ಕೊನೆಯಿಂದ ಕಲಿಸೋದು. ನಿಂಬೆ ಶರಬತ್ತನ್ನೇ ತೊಗೊಳ್ಳಿ. ಹಣ್ಣು ಕತ್ತರಿಸಿ, ಹಿಂಡಿ, ಬೀಜ ತೆಗೆದು, ನೀರು ಹಾಕಿ, ಸಕ್ಕರೆ, ಚಿಟಿಕೆ ಉಪ್ಪು ಹಾಕೋದು ಎಲ್ಲ ನಾನು. ಕಲಕಿ ಕುಡಿಯೋದು ಮಾತ್ರ ಅವನು. ಅದು ಸಲೀಸಾದ ಮೇಲೆ ಸಕ್ಕರೆ ಹಾಕೋದೂ ಅವನದು. ಆಮೇಲೆ ನೀರು. ಹೀಗೆ ಹಿಂದಕ್ಕೆ ಹಿಂದಕ್ಕೆ ಹೋದರೆ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಅವನಿಗೇ ಸಿಗುತ್ತೆ. ಮೊದಲ ಹೆಜ್ಜೆಯಿಂದ ಶುರು ಮಾಡಿದರೆ ಕಷ್ಟಪಡೋದು ಅವನು, ಮುಗಿಸೋದು ನಾವು. ಅಂಗಿ ಗುಂಡಿ, ಚಡ್ಡಿ ಏರಿಸೋದು, ಹಾಸಿಗೆ ಮಡಿಸೋದು ಎಲ್ಲ ಹೀಗೇ ಕಲಿತ.

ಕನ್ನಡ ಓದಿಸೋದು ದೊಡ್ಡ ಕಥೆ. ಅ ಆ ಇ ಈ ಸಾಲಾಗಿ ಅವನಿಗೆ ಹಾಡಿನ ಹಾಗೆ ಬರುತ್ತಿತ್ತು. ಆದರೆ ಒಂದು ಅಕ್ಷರ ಬಿಡಿಯಾಗಿ ತೋರಿಸಿದರೆ ಗೊತ್ತಿಲ್ಲ. ಬಿಆರ್‌ಸಿಯಿಂದ (ತಾಲ್ಲೂಕಿನ ಶಾಲೆಗಳಿಗೆ ನೆರವಾಗುವ ಸಂಪನ್ಮೂಲ ಕೇಂದ್ರ) ಬಂದು ಅವನನ್ನು ನೋಡಿದ ವಿಶೇಷ ಸಂಪನ್ಮೂಲ ಶಿಕ್ಷಕಿ ಒಬ್ಬರು, ಸರ್ಕಾರಿ ಶಾಲೆಯ ಸಣ್ಣ ಮಕ್ಕಳು ಆಡುತ್ತಾ ಕಲಿಯುವ ನಲಿಕಲಿ ಪದ್ಧತಿಯ ಕಾರ್ಡುಗಳನ್ನು ತೋರಿಸಿದರು. ಈ ನಲಿಕಲಿ ಹುಟ್ಟಿದ್ದು ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲೇ, 1995ರಲ್ಲಿ. ಅದರಲ್ಲಿ ಅಕ್ಷರ ಶುರುವಾಗೋದು ರ, ಗ, ಸ, ದ, ಅ ಅಂತ. ಈ ಐದೇ ಅಕ್ಷರ ಇಟ್ಟುಕೊಂಡು ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಓದೋಕೆ ಬಂತು ಅನ್ನೋದು ಮೊದಲ ವಾರದಲ್ಲೇ ಮಗುವಿಗೆ ಗೊತ್ತಾಗುತ್ತೆ. ಪುಟ್ಟನಿಗೆ ಗರಗಸ ಅಂದರೆ ಪ್ರಾಣ. ಬರೆದು ಬರೆದು ಗೋಡೆಯೆಲ್ಲ ಗರಗಸ.

ಆದರೆ ಒಂದು ತೊಡಕು ಇತ್ತು. ಕಾಗುಣಿತ ಮುಗಿದ ಮೇಲೆ ಒತ್ತಕ್ಷರ ಅನ್ನೋದು ಶಾಲೆಯ ಕ್ರಮ. ನಮ್ಮ ಮಕ್ಕಳಿಗೆ ಬೇಕಾದ ಮಾತುಗಳಲ್ಲೆಲ್ಲ ಒತ್ತು ಇದೆಯಲ್ಲ! ಅಮ್ಮ, ಅಪ್ಪ, ಅಜ್ಜಿ, ಬಸ್ಸು, ರೊಟ್ಟಿ, ಇಡ್ಲಿ, ಚಟ್ನಿ, ಬೆಲ್ಲ. ಕೇಳಿ ಪಡೆಯೋಕೆ ಕಾರ್ಡು ಬರೆಯಬೇಕು ಅಂದರೆ ಒತ್ತಿಗೆ ಕಾಯೋಕೆ ಆಗಲ್ಲ. ಹಾಗಾಗಿ ಈ ಪದಗಳನ್ನು ಚಿತ್ರದ ಹಾಗೆ ಇಡಿಯಾಗಿಯೇ ಕಲಿಸಿದೆವು. ಫ್ರಿಜ್ಜಿನ ಮೇಲೆ ಇಡ್ಲಿ, ದೋಸೆ, ರೊಟ್ಟಿ ಅಂತ ಬರೀ ಅಕ್ಷರದ ಚೀಟಿ ಅಂಟಿಸಿ, ಬೇಕಾದ್ದನ್ನು ಕಿತ್ತು ತಂದುಕೊಡು ಅಂದೆವು. ರೊಟ್ಟಿ ಚೀಟಿಯೇ ಎಲ್ಲಕ್ಕಿಂತ ಮೊದಲು ಹರಿದುಹೋದದ್ದು.

ಅರ್ಕಾವೊತ್ತಿನ ಹತ್ತಿರ ಬಂದಾಗ ಜಗಳವೇ ಆಯಿತು. ಸೂರ್ಯ ಅಂತ ಬರೆದರೆ ಅವನು 'ಸೂಯ್ರ' ಅಂತ ಓದಿದ. ಅವನದೇ ಸರಿ ಅಲ್ವಾ? ಕಣ್ಣಿಗೆ ಯ ಮೊದಲು ಕಾಣುತ್ತೆ, ಆ ಬಾಲ ಆಮೇಲೆ. ಬಾಯಲ್ಲಿ ಮಾತ್ರ ತಿರುವುಮುರುವು. ಬಸ್ಸಿನ ಬೋರ್ಡಿನ ಮಾರ್ಗ ಅವನಿಗೆ 'ಮಾಗ್ರ'. ತಿದ್ದಿದರೆ ಕಾಗದ ಹರಿಯುತ್ತಿದ್ದ. ಕೊನೆಗೆ ಆ ಬಾಲಕ್ಕೆ ಕೆಂಪು ಶಾಯಿ ಬಳಿದು, 'ಕೆಂಪು ಕಂಡರೆ ಒಂದು ಮನೆ ಹಿಂದೆ ಹೋಗು' ಅಂತ ನಿಯಮ ಮಾಡಿದೆವು. ನಿಯಮ ಇದ್ದರೆ ಅವನು ನಿಶ್ಚಿಂತ. ದಿನಾ ಬೆಳಗ್ಗೆ ಪೇಪರ್ ಹಿಡಿದು ಅರ್ಕಾವೊತ್ತುಗಳಿಗೆಲ್ಲ ಕೆಂಪು ಸುತ್ತು ಹಾಕತೊಡಗಿದ. ಕರ್ನಾಟಕ, ಕಾರ್ಯಕರ್ತ, ನಿರ್ಧಾರ, ಚರ್ಚೆ. ರಾಜಕೀಯದ ಪುಟ ಪೂರ್ತಿ ಕೆಂಪಾಗುತ್ತಿತ್ತು. ಕ್ರೀಡಾ ಪುಟದಲ್ಲಿ ಕಡಿಮೆ ಅಂತ ಅವರಪ್ಪನಿಗೆ ಅದನ್ನು ಬಿಟ್ಟುಕೊಡುತ್ತಿದ್ದ.

ಲೆಕ್ಕಕ್ಕೆ ಸೊಪ್ಪಿನ ಗಾಡಿಯೇ ಶಾಲೆ. ಇದರಲ್ಲೂ ಈಗಿನ ಕಾಲದ ಒಂದು ತೊಂದರೆ ಇದೆ. ಎಲ್ಲರೂ ಫೋನ್ ಹಿಡಿದು ಸ್ಕ್ಯಾನ್ ಮಾಡಿ ಹೋಗ್ತಾರೆ, ಚಿಲ್ಲರೆ ಯಾರ ಹತ್ತಿರವೂ ಇಲ್ಲ. ಕೊಟ್ಟು ತೊಗೊಳ್ಳೋದು ಕಣ್ಣಿಗೆ ಕಾಣದೆ ಇದ್ದರೆ ಇಂಥ ಮಕ್ಕಳಿಗೆ ದುಡ್ಡು ಅಂದರೇನು ಅಂತ ತಿಳಿಯೋದು ಹೇಗೆ? ಅದಕ್ಕೆ ನಾವೇ ಒಂದು ಡಬ್ಬ ನಾಣ್ಯ ಕೂಡಿಟ್ಟುಕೊಂಡು, ಸ್ವಲ್ಪ ಸೊಪ್ಪಿನ ಅಮ್ಮನಿಗೂ ಕೊಟ್ಟಿದ್ದೇವೆ. ಮೆಂತ್ಯ, ದಂಟು, ಸಬ್ಬಸಿಗೆ ಕಟ್ಟುಗಳ ಬೆಲೆ ಅವನು ಕೂಡುತ್ತಾನೆ, ನೋಟು ಕೊಡುತ್ತಾನೆ, ಚಿಲ್ಲರೆ ಎಣಿಸುತ್ತಾನೆ. ಎಣಿಕೆ ಪಕ್ಕಾ ಆದ ಮೇಲೆ ಆ ಅಮ್ಮನಿಗೆ ಒಂದು ಗುಟ್ಟು ಹೇಳಿದೆ: ಇವತ್ತು ಐದು ರೂಪಾಯಿ ಕಡಿಮೆ ಕೊಡಿ.

ಕಡಿಮೆ ಕೊಟ್ಟರು. ಅವನಿಗೆ ಆ ಕ್ಷಣವೇ ಗೊತ್ತಾಯಿತು, ಮುಖದಲ್ಲೇ ಕಾಣುತ್ತಿತ್ತು. ಆದರೆ ಬಾಯಿ ತೆಗೆಯಲಿಲ್ಲ. ಅಂಗೈ ಚಾಚಿಕೊಂಡು ಗಾಡಿ ಪಕ್ಕ ನಿಂತೇ ಇದ್ದ. ಬೇರೆಯವರು ಬಂದರು, ಹೋದರು. ನನಗೆ ಕರುಳು ಹಿಂಡುತ್ತಿತ್ತು, ಆದರೂ ಕೊತ್ತಂಬರಿ ಆರಿಸುವ ಹಾಗೆ ನಟಿಸಿದೆ. ಆ ಅಮ್ಮನಿಗೇ ತಡೆಯಲಾಗದೆ 'ಏನಪ್ಪಾ ಬೇಕು?' ಅಂದರು. ಅವನು ಅಂಗೈಯನ್ನೇ ನೋಡುತ್ತಾ 'ಐದು ರೂಪಾಯಿ ಕೊಡಿ' ಅಂದ. 'ಅಯ್ಯೋ ತಕೋ ಮಗ! ಹುಷಾರಾಗವ್ನೆ ಕಣವ್ವಾ ನಿನ್ ಮಗ' ಅಂತ ಕೊಟ್ಟು, ಮೇಲೆ ಒಂದು ಕಟ್ಟು ಕರಿಬೇವು ಇಟ್ಟರು. ಕರಿಬೇವಿನ ಲೆಕ್ಕ ಇರಲಿಲ್ಲ ಅಂತ ಅವನು ಅದನ್ನು ವಾಪಸ್ ಇಟ್ಟ.

ಬಸ್ಸಿನಲ್ಲಿ ಇನ್ನೊಂದು ಗಣಿತ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೆ ಶೂನ್ಯ ಟಿಕೆಟ್, ಅವನಿಗೆ ದುಡ್ಡಿನ ಟಿಕೆಟ್. ಟಿಕೆಟ್ ಅಂದ ಮೇಲೆ ದುಡ್ಡು ಕೊಡಬೇಕು ಅನ್ನೋದು ಅವನ ನಿಯಮ. ಸೊನ್ನೆ ರೂಪಾಯಿಗೆ ಟಿಕೆಟ್ ಹೇಗೆ ಅಂತ ಕಂಡಕ್ಟರ್ ಕೈ ಬಿಡಲಿಲ್ಲ. ಆ ಪುಣ್ಯಾತ್ಮರು ರೇಗದೆ, 'ನಿಮ್ಮಮ್ಮನ ದುಡ್ಡು ಸರ್ಕಾರ ಕೊಡುತ್ತಪ್ಪ' ಅಂದರು. ಈಗ ಮನೆಯಲ್ಲಿ ಯಾವುದಕ್ಕೆ ದುಡ್ಡು ಕೇಳಿದರೂ 'ಸರ್ಕಾರ ಕೊಡುತ್ತೆ' ಅನ್ನುತ್ತಾನೆ.

ವಾರದ ನಡುವೆ ಓಡಾಡೋಕೆ ಆಗೋದು ಮನೆ ಶಾಲೆಯ ದೊಡ್ಡ ಸುಖ. ಮೃಗಾಲಯಕ್ಕೆ ಭಾನುವಾರ ಹೋದರೆ ಆನೆ ಬದಲು ಜನರ ಬೆನ್ನು ನೋಡಿಕೊಂಡು ಬರಬೇಕು. ನಾವು ಬುಧವಾರ ಬೆಳಗ್ಗೆಯೇ ಹೋಗುತ್ತೇವೆ. ಮಂಗಳವಾರ ರಜೆ, ಅದು ಅವನಿಗೆ ಕ್ಯಾಲೆಂಡರಿಗಿಂತ ಚೆನ್ನಾಗಿ ನೆನಪಿದೆ. ದಸರಾ ಹತ್ತು ದಿನ ಮಾತ್ರ ಊರಿಂದ ಆಚೆ, ಅಮ್ಮನ ಮನೆಯಲ್ಲಿ. ಇಡೀ ಲೋಕ ಮೈಸೂರಿಗೆ ಬರುವಾಗ ನಾವು ಮೂಟೆ ಕಟ್ಟಿಕೊಂಡು ಹೊರಡುತ್ತೇವೆ.

ಕೇಳೋದು ಕಲಿತ ಮೇಲೆ ಇನ್ನೊಂದು ಕಲಿಸಬೇಕಿತ್ತು, ಬೇಡ ಅನ್ನೋದು. ಇದಕ್ಕೆ ಮನೆಯಲ್ಲಿ ಯಾರ ಬೆಂಬಲವೂ ಇರಲಿಲ್ಲ. ವಿಶೇಷ ಮಕ್ಕಳಿಗೆ ನಾವು ಕಲಿಸೋದೆಲ್ಲ ಹೆಚ್ಚಾಗಿ ಹೇಳಿದ ಮಾತು ಕೇಳೋದೇ. ಕೂತ್ಕೋ ಅಂದರೆ ಕೂತ್ಕೊ, ಕೈ ಕೊಡು ಅಂದರೆ ಕೊಡು. ನಾಳೆ ಯಾರೋ ಕೆಟ್ಟವರು ಬಾ ಅಂದರೂ ಅವನು ಹೋಗ್ತಾನೆ. ಈ ಭಯ ನನಗೆ ರಾತ್ರಿ ನಿದ್ದೆ ಕೊಡುತ್ತಿರಲಿಲ್ಲ. ಹಾಗಾಗಿ ಪಾಠದ ಮಧ್ಯೆ ಅವನು ಬೇಡ ಅಂದರೆ ಪುಸ್ತಕ ಮುಚ್ಚುತ್ತೇವೆ. ಐದು ನಿಮಿಷ ಬಿಟ್ಟು ಮತ್ತೆ ತೆಗೆಯುತ್ತೇವೆ, ಅದು ಬೇರೆ ಮಾತು. 'ಹೀಗೆ ಬಿಟ್ಟರೆ ತಲೆ ಮೇಲೆ ಕೂರ್ತಾನೆ' ಅಂತ ಅತ್ತೆ. ಕೂರಲಿಲ್ಲ. ಮೊದಲು ಬೇಡ ಅನ್ನುವ ಬದಲು ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದ. ಈಗ ಆ ಗಾಯಗಳು ಮಾಸಿವೆ.

ಕಟಿಂಗ್ ಶಾಪಿನಲ್ಲಿ ಅದರ ಫಲ ಕಂಡಿತು. ಕೂದಲು ಕತ್ತರಿಸೋದು ನಮಗೆ ಯುದ್ಧ. ಅಪ್ಪ ಕೈ ಹಿಡಿಯೋದು, ನಾನು ತಲೆ ಹಿಡಿಯೋದು, ಅವನು ಅಳೋದು. ಒಂದು ಸಲ ಮಷೀನ್ ಶುರುವಾಗುವ ಮೊದಲೇ ಅವನು ಕನ್ನಡಿಯಲ್ಲಿ ನೋಡುತ್ತಾ 'ಮಷೀನ್ ಬೇಡ, ಕತ್ತರಿ' ಅಂದ. ಅಂಗಡಿಯವರು 'ಅಷ್ಟೇ ತಾನೇ ಮರಿ' ಅಂತ ಮಷೀನ್ ಒಳಗಿಟ್ಟರು. ಅಷ್ಟು ವರ್ಷ ತಲೆ ಹಿಡಿದದ್ದು ಅಷ್ಟಕ್ಕೇನಾ! ಕತ್ತರಿಯಲ್ಲಿ ಜಾಸ್ತಿ ಹೊತ್ತಾಗುತ್ತೆ. ಅದಕ್ಕೆ ಗಿರಾಕಿ ಇಲ್ಲದ ಮಧ್ಯಾಹ್ನ ಹೋಗುತ್ತೇವೆ.

ನೆಂಟರ ವಿಷಯ ಜಾಸ್ತಿ ಬರೆಯಲ್ಲ. ಮದುವೆ ಮನೆಯಲ್ಲಿ 'ಯಾವ ಕ್ಲಾಸು ಪುಟ್ಟಾ?' ಅಂದರೆ 'ಮನೆ ಕ್ಲಾಸು' ಅನ್ನುತ್ತಾನೆ. ಕೇಳಿದವರಿಗೆ ಮುಂದಿನ ಪ್ರಶ್ನೆ ಹೊಳೆಯಲ್ಲ. ಅವನ ತಂಗಿ ಶಾಲೆಗೆ ಹೋಗುತ್ತಾಳೆ. ಅಣ್ಣನಿಗೆ ಹೋಮ್‌ವರ್ಕ್ ಇಲ್ಲ ಅಂತ ಅವಳ ದೂರು ತೀರಿಲ್ಲ.

ಕಾಗದ ಪತ್ರದ ವಿಷಯ ಮಾತ್ರ ಹೇಳಲೇಬೇಕು, ಯಾಕೆಂದರೆ ಯಾರೂ ಒಂದೇ ಕಡೆ ಎಲ್ಲ ಹೇಳಲ್ಲ. ಮೊದಲು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. ಆನ್‌ಲೈನ್ ಅರ್ಜಿ, ಆಮೇಲೆ ಸರ್ಕಾರಿ ಆಸ್ಪತ್ರೆಯ ಮೆಡಿಕಲ್ ಬೋರ್ಡು. ಆಟಿಸಂಗೆ ಇಸಾ ಅನ್ನುವ ಅಳತೆ ಇದೆ, 40 ಅಂಶಗಳನ್ನು ನೋಡಿ ಅಂಕ ಹಾಕುತ್ತಾರೆ. ಮಗು ಬೇಗ ಸುಸ್ತಾಗುತ್ತೆ. ತಿಂಡಿ, ನೀರು, ಅವನಿಗೆ ಇಷ್ಟದ ಸಾಮಾನು ಚೀಲದಲ್ಲಿರಲಿ. ಕಾರ್ಡು ಇದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಗೆ ಹಾಕಬಹುದು. ವರ್ಷಕ್ಕೆ ಒಂದು ಲಕ್ಷದ ತನಕ, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು. ಬಸ್ ಪಾಸಿಗೂ ಇದೇ ಕಾರ್ಡು, ಪರೀಕ್ಷೆಯ ರಿಯಾಯಿತಿಗೂ ಇದೇ ಕಾರ್ಡು. ಮನೆಯಲ್ಲಿ ಓದಿಸೋದು ಕಾನೂನುಬದ್ಧವಾ ಅಂತ ಪದೇ ಪದೇ ಕೇಳ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಹೋಮ್‌ಸ್ಕೂಲಿಂಗ್ ಅನ್ನೋ ಮಾತೇ ಇಲ್ಲ. 2012ರ ತಿದ್ದುಪಡಿ ತೀವ್ರ ಅಥವಾ ಒಂದಕ್ಕಿಂತ ಹೆಚ್ಚು ಬಗೆಯ ವೈಕಲ್ಯ ಇರುವ ಮಕ್ಕಳಿಗೆ ಮನೆಯಲ್ಲೇ ಕಲಿಯುವ ಆಯ್ಕೆ ಕೊಟ್ಟಿದೆ. ಪುಟ್ಟನಂಥ ನಡುವಿನ ಮಕ್ಕಳು ಯಾವ ಸಾಲಿಗೂ ಸೇರಲ್ಲ. ಇಷ್ಟು ವರ್ಷದಲ್ಲಿ ಯಾರೂ ಬಂದು ನಮ್ಮನ್ನು ತಡೆದಿಲ್ಲ. ಆದರೆ ಬರೆದು ಕೊಟ್ಟ ಒಂದು ಸಾಲಿದ್ದರೆ ಎಷ್ಟೋ ಧೈರ್ಯ ಇರುತ್ತಿತ್ತು.

ಪರೀಕ್ಷೆಗೆ ನಾವು ಹಿಡಿದ ದಾರಿ ಎನ್‌ಐಒಎಸ್. 1989ರಲ್ಲಿ ಶುರುವಾದ ಕೇಂದ್ರದ ಮುಕ್ತ ಶಾಲೆ ಇದು. ಮೂರು, ಐದು, ಎಂಟನೇ ಕ್ಲಾಸಿಗೆ ಸಮನಾದ ಎ, ಬಿ, ಸಿ ಹಂತಗಳಿವೆ. ಹದಿನಾಲ್ಕು ತುಂಬಿದರೆ ಹತ್ತನೇ ಕ್ಲಾಸಿಗೆ ಸೇರಬಹುದು. ಐದು ವಿಷಯ ಸಾಕು, ಗಣಿತ ಕಡ್ಡಾಯವಲ್ಲ. ಎಲ್ಲವನ್ನೂ ಒಂದೇ ಸಲ ಬರೆಯಬೇಕಾಗಿಲ್ಲ. ಐದು ವರ್ಷದಲ್ಲಿ ಒಂಬತ್ತು ಅವಕಾಶ, ಒಂದೊಂದೇ ವಿಷಯ ಕಟ್ಟಿ ಮುಗಿಸಬಹುದು. ಗಂಟೆಗೆ 20 ನಿಮಿಷದ ಹಾಗೆ ಹೆಚ್ಚಿನ ಸಮಯ ಕೊಡುತ್ತಾರೆ, ಬೇಕಾದರೆ ಬರೆಯೋಕೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಬಹುದು. ನಿಧಾನವಾಗಿ ಬರೆಯುವ ನಮ್ಮ ಹುಡುಗನಿಗೆ ಮೂರು ಗಂಟೆಯ ಪೇಪರಿಗೆ ಇನ್ನೊಂದು ಗಂಟೆ ಸಿಕ್ಕರೆ ಸಾಕು, ಬೇರೆಯವರು ಬೇಡ. ಎಸ್ಸೆಸ್ಸೆಲ್ಸಿಯನ್ನೇ ಖಾಸಗಿಯಾಗಿ ಕಟ್ಟಿಸುವವರೂ ಇದ್ದಾರೆ, ಅಲ್ಲೂ ವಿಶೇಷ ಮಕ್ಕಳಿಗೆ ರಿಯಾಯಿತಿ ಇದೆ. ನಮಗೆ ಒಂದೊಂದಾಗಿ ಮುಗಿಸುವ ಅನುಕೂಲ ಹಿಡಿಸಿತು.

ವಿಷಯ ಆರಿಸೋಕೆ ಒಂದು ಭಾನುವಾರ ಎಲ್ಲರೂ ಟೇಬಲ್ ಸುತ್ತ ಕೂತೆವು. ಕನ್ನಡ, ಗೃಹವಿಜ್ಞಾನ, ಡೇಟಾ ಎಂಟ್ರಿ, ಚಿತ್ರಕಲೆ ತನಕ ತಕರಾರಿಲ್ಲ. ಐದನೆಯದು ಗಣಿತ ಇರಲಿ, ಮುಂದೆ ಬೇಕಾಗುತ್ತೆ ಅಂತ ನಮ್ಮನೆಯವರ ಆಸೆ. ಚಿಲ್ಲರೆ ಲೆಕ್ಕ ಇಷ್ಟು ಚೆನ್ನಾಗಿ ಮಾಡ್ತಾನಲ್ಲ ಅಂತ ನನಗೂ ಆಸೆಯೇ. ಪಟ್ಟಿಯನ್ನು ಪುಟ್ಟನ ಮುಂದೆ ಇಟ್ಟೆವು. ಅವನು ಪೆನ್ಸಿಲ್ ತೊಗೊಂಡು ಗಣಿತದ ಮೇಲೆ ಗೆರೆ ಎಳೆದು 'ಬೇಡ' ಅಂದ. ಗೆರೆ ನೇರವಾಗಿತ್ತು. 'ಯಾಕೋ?' ಅಂದರೆ ಉತ್ತರ ಇಲ್ಲ. ಅವರಪ್ಪ ನನ್ನ ಮುಖ ನೋಡಿದರು. ಬೇಡ ಅಂದರೆ ನಿಲ್ಲಿಸ್ತೀವಿ ಅಂತ ಕಲಿಸಿದವರು ನಾವೇ ತಾನೇ. ಐದನೆಯದಕ್ಕೆ ಭಾರತೀಯ ಸಂಸ್ಕೃತಿ ಮತ್ತು ಪರಂಪರೆ ಹಾಕಿದೆವು.

ಅರ್ಜಿಗೆ ಫೋಟೋ ಬೇಕಿತ್ತು. ಸ್ಟುಡಿಯೋದವನು ಇಯರ್ ಮಫ್ ತೆಗೀಬೇಕು ಅಂದ. ಪುಟ್ಟ ಅದನ್ನು ತೆಗೆದು ನನ್ನ ಕೈಗೆ ಕೊಟ್ಟು, 'ಫ್ಲಾಶ್ ಬೇಡ' ಅಂದ. ಫ್ಲಾಶ್ ಇಲ್ಲದೆ ಬೆಳಕು ಸಾಲಲ್ಲ ಅಂತ ಸ್ಟುಡಿಯೋದವನು, ಬೇಡ ಅಂತ ಪುಟ್ಟ. ನಾನು ಬಾಯಿ ಹಾಕಬೇಕು ಅನ್ನುವಷ್ಟರಲ್ಲಿ ಪುಟ್ಟನೇ 'ಹೊರಗೆ ತೆಗೀರಿ' ಅಂತ ಎದ್ದು ಬಾಗಿಲಿಗೆ ಹೋಗಿ ನಿಂತ. ಬಿಳಿ ಪರದೆಯನ್ನು ನಾನೂ ಪಕ್ಕದ ಜೆರಾಕ್ಸ್ ಅಂಗಡಿಯ ಹುಡುಗನೂ ಅವನ ಹಿಂದೆ ಎತ್ತಿ ಹಿಡಿದೆವು. ಫುಟ್‌ಪಾತಿನಲ್ಲೇ ಫೋಟೋ ಆಯಿತು. ಬಿಸಿಲಿಗೆ ಕಣ್ಣು ಸ್ವಲ್ಪ ಕಿರಿದಾಗಿದೆ. ಸೈಬರ್ ಸೆಂಟರಿನವರು ಇದು ನಡೆಯುತ್ತೆ ಅಂತ ಅಪ್‌ಲೋಡ್ ಮಾಡಿದರು, ಅರ್ಜಿ ಹೋಯಿತು. ಈಗ ಪುಸ್ತಕ ಬರೋದಕ್ಕೆ ಕಾಯುತ್ತಿದ್ದೇವೆ. ಅಷ್ಟರೊಳಗೆ ಮನೆಯಲ್ಲಿ ಪರೀಕ್ಷೆ ಹಾಲಿನ ಅಭ್ಯಾಸ ಶುರುವಾಗಿದೆ. ಅವರಪ್ಪ ಮೇಲ್ವಿಚಾರಕರು, ಪುಟ್ಟ ಕೈ ಎತ್ತಿ ನೀರು, ಇನ್ನೊಂದು ಹಾಳೆ, ಟಾಯ್ಲೆಟ್ ಕೇಳಬೇಕು. ಮೊನ್ನೆ ಕೈ ಎತ್ತಿ, 'ಸರ್, ಫ್ಯಾನ್ ಸದ್ದು ಮಾಡ್ತಿದೆ, ನಿಲ್ಲಿಸಿ' ಅಂದ. ಅದು ನಾವು ಹೇಳಿಕೊಟ್ಟ ಪಟ್ಟಿಯಲ್ಲಿ ಇರಲಿಲ್ಲ.